ಒಬ್ಬಟ್ಟು ಕೊಟ್ಟರೆ ಸಾಲದು, ಒಳಗೆ ಕರೆಯಿರಿ

ಹಬ್ಬದ ದಿನ ಅನ್ನ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದ ಮನೆ ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಮಳೆಯನ್ನು ನಂಬಿ ಕೂತ ತಾಲ್ಲೂಕುಗಳು. ಬಿತ್ತಿದ ಕಡಲೆಕಾಯಿ ಕೈಗೆ ಬಂದ ವರ್ಷಕ್ಕಿಂತ ಬಾರದ ವರ್ಷವನ್ನೇ ಜನ ಹೆಚ್ಚು ನೆನಪಿಟ್ಟುಕೊಳ್ಳುವ ನೆಲ ಇದು. ಆದರೂ ಯುಗಾದಿ ಬಂತೆಂದರೆ ಸಾಲ ಮಾಡಿಯಾದರೂ ಒಲೆಯ ಮೇಲೆ ಬೇಳೆ ಬೇಯುತ್ತದೆ. ಮಾಡಿದ ಒಬ್ಬಟ್ಟು ನಾಲ್ಕು ಮನೆಗೆ ಹೋಗದಿದ್ದರೆ ಮನೆಯಾಕೆಗೆ ಹಬ್ಬ ಮಾಡಿದ ಹಾಗೇ ಅನ್ನಿಸುವುದಿಲ್ಲ. ಈ ಕೊಡುಗೈ ನಮ್ಮ ಹಿರಿಯರಿಂದ ಬಂದದ್ದು. ಅದರ ಬಗ್ಗೆ ನನಗೂ ಹೆಮ್ಮೆ ಇದೆ.

ಆ ಹೆಮ್ಮೆಯ ಜೊತೆಗೇ ಒಂದು ಮಾತು ಕೇಳಬೇಕಾಗಿದೆ. ಹಬ್ಬದ ದಿನ ಯಾರಿಗೆಲ್ಲ ಕೊಟ್ಟೆವು ಎಂದು ನಾವು ಲೆಕ್ಕ ಹೇಳುತ್ತೇವೆ. ಯಾರನ್ನು ಒಳಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಉಂಡೆವು ಎಂದು ಯಾರಾದರೂ ಕೇಳಿದರೆ ನಮ್ಮ ಹತ್ತಿರ ಉತ್ತರ ಇದೆಯೇ?

ಯುಗಾದಿಯ ಬೆಳಗ್ಗೆ ನಮ್ಮ ಯಾವುದೇ ಹಳ್ಳಿಯ ಅಡುಗೆಮನೆಗೆ ಹೋಗಿ ನೋಡಿ. ತೊಗರಿಬೇಳೆ ಬೆಂದಿರುತ್ತದೆ. ಕಟ್ಟನ್ನು ಸಾರಿಗೆಂದು ಬಸಿದಿಟ್ಟಿರುತ್ತಾರೆ. ಬೆಂದ ಬೇಳೆಗೆ ಬೆಲ್ಲ ಹಾಕಿ, ಏಲಕ್ಕಿ ಸೇರಿಸಿ, ಒರಳಲ್ಲೋ ಗ್ರೈಂಡರಿನಲ್ಲೋ ನುಣ್ಣಗೆ ರುಬ್ಬಿ ಹೂರಣದ ಉಂಡೆ ಕಟ್ಟಿರುತ್ತಾರೆ. ಎಣ್ಣೆಯಲ್ಲಿ ನೆಂದ ಕಣಕ ಬಾಳೆಯೆಲೆಯ ಮೇಲೆ ಅಗಲವಾಗುತ್ತದೆ, ಹೆಂಚಿನ ಮೇಲೆ ಉಬ್ಬುತ್ತದೆ. ಮಧ್ಯಾಹ್ನದ ಹೊತ್ತಿಗೆ ನಡುಮನೆಯಲ್ಲಿ ಎಲೆ ಹಾಕುತ್ತಾರೆ. ಕೋಸಂಬರಿ, ಪಲ್ಯ, ಮಾವಿನಕಾಯಿ ಚಿತ್ರಾನ್ನ, ಹಪ್ಪಳ, ತುಪ್ಪ ಸುರಿದ ಒಬ್ಬಟ್ಟು, ಒಬ್ಬಟ್ಟಿನ ಸಾರು.

ಅದೇ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಒಬ್ಬ ಹೆಂಗಸು ಪಾತ್ರೆ ಹಿಡಿದು ನಿಂತಿರುತ್ತಾಳೆ. ದಲಿತರ ಎ.ಕೆ. ಕಾಲೊನಿಯಿಂದ ಬಂದವಳು. ವರ್ಷವೆಲ್ಲ ಇದೇ ಮನೆಯ ಹೊಲದಲ್ಲಿ ಕಳೆ ಕಿತ್ತವಳು. 'ಅಮ್ಮಾ' ಎಂದು ಒಂದು ಸಲ ಕೂಗಿ ಸುಮ್ಮನಾಗುತ್ತಾಳೆ. ಒಳಗಿಂದ ಮನೆಯಾಕೆ ಬರುತ್ತಾಳೆ. ಪ್ರೀತಿಯಿಂದಲೇ ಮಾತಾಡಿಸುತ್ತಾಳೆ, ಮಕ್ಕಳು ಹೇಗಿದ್ದಾವೆ ಎಂದು ಕೇಳುತ್ತಾಳೆ. ನಾಲ್ಕರ ಬದಲು ಆರು ಒಬ್ಬಟ್ಟನ್ನೇ ಹಾಕುತ್ತಾಳೆ. ಆದರೆ ಹಾಕುವಾಗ ಕೈ ಒಂದು ಗೇಣು ಮೇಲೆಯೇ ಉಳಿಯುತ್ತದೆ. ಪಾತ್ರೆಗೆ ಪಾತ್ರೆ ತಾಗಬಾರದು. ಇಬ್ಬರಿಗೂ ಅದು ಗೊತ್ತು, ಇಬ್ಬರೂ ಅದನ್ನು ನೋಡದವರಂತೆ ಇರುತ್ತಾರೆ.

ಆ ಒಂದು ಗೇಣು ಅಂತರವನ್ನು ಕುರಿತೇ ನಾನು ಈ ಕರೆ ಬರೆಯುತ್ತಿದ್ದೇನೆ.

ಆ ಹೂರಣದ ತೊಗರಿ ಎಲ್ಲಿಂದ ಬಂತು? ಕಡಲೆಕಾಯಿ ಹೊಲದ ಅಕ್ಕಡಿ ಸಾಲಿನಿಂದ. ಆ ಸಾಲನ್ನು ಬಿತ್ತಿದ್ದು, ಕಳೆ ತೆಗೆದದ್ದು, ಗಿಡ ಕೊಯ್ದು ಬಡಿದದ್ದು, ತೂರಿ ಕಲ್ಲು ಆರಿಸಿದ್ದು ಅವಳ ಕೈ. ದಿನದ ರಾಗಿಮುದ್ದೆಗೂ ಅವಳ ಬೆವರು ಬಿದ್ದಿದೆ, ಉಂಡೆ ಕಟ್ಟಿದ ಕಡಲೆಕಾಯಿಗೂ ಬಿದ್ದಿದೆ. ಹಸಿಕಾಳು ಇರುವ ತನಕ ತಾಗದ ಮೈಲಿಗೆ ಅದೇ ಕಾಳು ಬೆಂದ ಮೇಲೆ ಹೇಗೆ ತಾಗುತ್ತದೆ? ಕೈ ಅದೇ, ಕಾಳೂ ಅದೇ. ನಡುವೆ ಬೆಂಕಿಯೊಂದು ಬಂದಿದೆ, ಅಷ್ಟೇ. ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತದೆ ಎಂದು ಹೇಳಿಕೊಟ್ಟವರೇ ಬೆಂದ ಅನ್ನಕ್ಕೆ ಬೇಲಿ ಹಾಕಿದರು.

'ಈಗ ಎಲ್ಲಿದೆ ಸ್ವಾಮಿ ಅದೆಲ್ಲ? ಕಾಲ ಬದಲಾಗಿದೆ' ಎನ್ನುವವರು ಇದ್ದಾರೆ. 2019ರ ಸೆಪ್ಟೆಂಬರಿನಲ್ಲಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಆಗಿನ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಜನರ ಕಷ್ಟ ಕೇಳಲು ಹೋಗಿದ್ದರು. ಅವರು ದಲಿತರು ಎಂಬ ಕಾರಣಕ್ಕೆ ಅವರನ್ನು ಹಟ್ಟಿಯ ಒಳಗೆ ಬಿಡಲಿಲ್ಲ. ಸಂಸದರು ಊರ ಹೊರಗಿನಿಂದಲೇ ವಾಪಸಾದರು. ದೇಶವೆಲ್ಲ ಆ ಸುದ್ದಿ ಓದಿತು. ಆ ಹಟ್ಟಿಯ ಬಡವರನ್ನು ಹಳಿಯಲು ನಾನು ಇದನ್ನು ಎತ್ತುತ್ತಿಲ್ಲ. ಅವರು ತಮ್ಮ ಮನದಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದರು, ಅದಕ್ಕೆ ಲೋಕದಿಂದ ಬೈಸಿಕೊಂಡರು. ಓದಿದ ನಾವು, ಪೇಟೆ ಕಂಡ ನಾವು ಅದನ್ನೇ ಬಾಯಿಬಿಡದೆ, ನಗುನಗುತ್ತಾ, ಹಿತ್ತಲ ಬಾಗಿಲಲ್ಲಿ ಮಾಡುತ್ತೇವೆ. ಬೈಸಿಕೊಳ್ಳುವುದಿಲ್ಲ.

ಪಾವಗಡ ಮತ್ತು ಕೊರಟಗೆರೆ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಆ ಸಂಸದರು ಗೆದ್ದು ಬಂದ ಚಿತ್ರದುರ್ಗ ಲೋಕಸಭಾ ಕ್ಷೇತ್ರವೂ ಮೀಸಲು, ಶಿರಾ ಮತ್ತು ಪಾವಗಡ ಅದರೊಳಗೇ ಬರುತ್ತವೆ. ನಮ್ಮನ್ನು ಆಳಲು ಯಾರನ್ನು ಕಳಿಸುತ್ತೇವೋ, ಅವರ ಮನೆತನದವರನ್ನೇ ನಮ್ಮ ನಡುಮನೆಯ ಚಾಪೆಯ ಮೇಲೆ ಕೂರಿಸಲು ನಮಗೆ ಕೈಲಾಗುವುದಿಲ್ಲ. ಓಟಿಗೆ ಇಲ್ಲದ ಮೈಲಿಗೆ ಊಟಕ್ಕೆ ಮಾತ್ರ ಏಕೆ?

ಮಕ್ಕಳ ಕಡೆ ನೋಡಿ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಬೇಗನೆ ನಮ್ಮ ಶಾಲೆಗಳಿಗೂ ಬಂತು. ಪಾವಗಡದ ರಾಯಚರ್ಲುವಿನಂಥ ಹಳ್ಳಿಯ ಸರ್ಕಾರಿ ಶಾಲೆಯಲ್ಲೂ ಮಕ್ಕಳು ಜಗಲಿಯ ಮೇಲೆ ಸಾಲಾಗಿ ಕೂತು ಬಿಸಿಯೂಟ ಮಾಡುತ್ತವೆ. ಗೌಡರ ಮಗು, ಗೊಲ್ಲರ ಮಗು, ನಾಯಕರ ಮಗು, ಸಾಬರ ಮಗು, ಕಾಲೊನಿಯ ಮಗು ಎಲ್ಲಕ್ಕೂ ಒಂದೇ ಹಂಡೆಯ ಅನ್ನ, ಒಂದೇ ಸೌಟಿನ ಸಾರು. ತಟ್ಟೆಯಿಂದ ತಟ್ಟೆಗೆ ಉಪ್ಪಿನಕಾಯಿ ದಾಟುತ್ತದೆ. ಇನ್ನೂ ಹತ್ತಿರದಲ್ಲೇ ತುಮಕೂರಿನ ಸಿದ್ಧಗಂಗಾ ಮಠ ಇದೆ. ಅಲ್ಲಿ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಬಡ ಮಕ್ಕಳನ್ನೂ ಸೇರಿಸಿಕೊಂಡು ದಶಕಗಳ ಕಾಲ ಒಟ್ಟಿಗೆ ಉಣ್ಣಿಸಿದರು. ನಮ್ಮ ನಾಲ್ಕೂ ತಾಲ್ಲೂಕಿನ ಎಷ್ಟೋ ಜನ ಅಲ್ಲಿ ಉಂಡು, ಓದಿ, ನೌಕರಿ ಹಿಡಿದು ಬಂದವರೇ.

ಹೀಗೆ ಉಂಡು ಬೆಳೆದ ಮಗು ಹಬ್ಬದ ದಿನ ತನ್ನ ಗೆಳೆಯನನ್ನು ಮನೆಗೆ ಕರೆದುಕೊಂಡು ಬರುತ್ತದೆ. ನಾವು ಗೆಳೆಯನನ್ನು ಜಗಲಿಯಲ್ಲೇ ನಿಲ್ಲಿಸುತ್ತೇವೆ. 'ಇಲ್ಲೇ ತಿನ್ಕೊಂಡು ಹೋಗಪ್ಪ' ಎನ್ನುತ್ತೇವೆ. ಶಾಲೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಇಲ್ಲದ ಮೈಲಿಗೆ ಹಬ್ಬದ ದಿನ ಒಂದು ಗಂಟೆಗೆ ಎಲ್ಲಿಂದ ಬಂತು ಎಂದು ಮಗು ಕೇಳಿದರೆ ಏನು ಹೇಳುತ್ತೀರಿ? ಎಷ್ಟೋ ಮಕ್ಕಳು ಕೇಳುವುದಿಲ್ಲ. ನೋಡಿ ಕಲಿತುಬಿಡುತ್ತವೆ. ಜಾತಿಯ ಮೊದಲ ಪಾಠ ನಡೆಯುವುದು ಹೀಗೆ, ನಮ್ಮದೇ ಮನೆಯಲ್ಲಿ, ಒಬ್ಬಟ್ಟಿನ ಘಮಲಿನ ನಡುವೆ.

ನಮ್ಮಲ್ಲಿ ಇದಕ್ಕೆ ಬೇರೆ ದಾರಿ ತೋರಿದವರು ಇಲ್ಲದಿಲ್ಲ. ಹನ್ನೆರಡನೇ ಶತಮಾನದ ಶರಣರು ದಾಸೋಹವನ್ನು ಧರ್ಮ ಎಂದರು, ಜಾತಿ ಕೇಳದೆ ಒಟ್ಟಿಗೆ ಕೂತು ಉಂಡರು. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ನಡೆಸಿ ತಮ್ಮವರಿಂದಲೇ ಬಹಿಷ್ಕಾರ ಎದುರಿಸಿದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು, 1955ರ ಕಾಯ್ದೆ ಅದನ್ನು ಶಿಕ್ಷಾರ್ಹ ಅಪರಾಧ ಮಾಡಿತು. ಹೋಟೆಲಿನ ಬಾಗಿಲು, ಬಾವಿಯ ಕಟ್ಟೆ, ದೇವಸ್ಥಾನದ ಮೆಟ್ಟಿಲ ತನಕ ಕಾನೂನು ಬರಬಲ್ಲದು. ನಮ್ಮ ನಡುಮನೆಯಲ್ಲಿ ಯಾರಿಗೆ ಎಲೆ ಹಾಕಬೇಕೆಂದು ಹೇಳಲು ಯಾವ ಪೊಲೀಸರೂ ಬರಲಾರರು. ಅಲ್ಲಿಗೆ ಬರಬೇಕಾದದ್ದು ನಮ್ಮ ಆತ್ಮಸಾಕ್ಷಿ ಒಂದೇ.

ಬರೀ ಸಹಭೋಜನದಿಂದ ಜಾತಿ ಸಾಯುವುದಿಲ್ಲ ಎಂದು ಅಂಬೇಡ್ಕರ್ 1936ರಲ್ಲೇ 'ಜಾತಿ ವಿನಾಶ'ದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಅದು ನಿಜ. ಒಂದು ಊಟದಿಂದ ಜಮೀನು ಹಂಚಿಕೆಯಾಗುವುದಿಲ್ಲ, ಕೂಲಿ ಹೆಚ್ಚುವುದಿಲ್ಲ, ಮದುವೆಯ ಬೇಲಿ ಮುರಿಯುವುದಿಲ್ಲ. ಹಾಗೆಂದು ಊಟವನ್ನೂ ಬಿಟ್ಟು ಕೂರುವುದೇ? ಒಟ್ಟಿಗೆ ಕೂತು ಉಣ್ಣಲಾರದವರು ಒಟ್ಟಿಗೆ ಬಾಳುವುದು ಹೇಗೆ?

ನೆಪಗಳು ನನಗೆ ಗೊತ್ತು. 'ಮನೇಲಿ ವಯಸ್ಸಾದವರಿದ್ದಾರೆ, ಅವರು ಒಪ್ಪಲ್ಲ.' ಅದೇ ಹಿರಿಯರು ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಳ್ಳುವಾಗ ಜಾತಿ ಕೇಳುವುದಿಲ್ಲ. ಅವರ ಕಾಲಿಗೆ ಬಿದ್ದು, ಮೆಲ್ಲಗೆ ಮಾತಾಡಿ ಒಪ್ಪಿಸಿ. ಒಪ್ಪದಿದ್ದರೂ ಎಲೆ ಹಾಕಿ. 'ದೇವರ ಹಬ್ಬ, ಮಡಿ ಕೆಡುತ್ತದೆ.' ನಮ್ಮ ಮಾರಮ್ಮನ ಜಾತ್ರೆಗಳಲ್ಲಿ ತಮಟೆ ಸದ್ದಾಗದೆ ದೇವರು ಏಳುವುದಿಲ್ಲ, ಆ ತಮಟೆ ಬಡಿಯುವವರು ಯಾರು ಎಂಬುದು ಊರಿಗೆಲ್ಲ ಗೊತ್ತು. ತಾಯಿಗೆ ಬೇಕಾದವರು ಮಕ್ಕಳಿಗೆ ಬೇಡವಾದರೆ? 'ಕರೆದರೂ ಅವರೇ ಬರಲ್ಲ.' ತಲೆಮಾರುಗಳ ಕಾಲ ಹೊರಗೆ ನಿಲ್ಲಿಸಿ, ಒಂದು ಸಲ ಬಾಗಿಲಲ್ಲಿ ನಿಂತು 'ಬಾ' ಎಂದರೆ ಯಾರು ಬಂದಾರು? ಮನೆಗೆ ಹೋಗಿ ಕರೆಯಬೇಕು, ಮತ್ತೆ ಮತ್ತೆ ಕರೆಯಬೇಕು. 'ಊರು ಏನನ್ನುತ್ತೆ?' ಊರು ಎಂದರೆ ನಾವೇ. ಮೊದಲ ಮನೆ ಧೈರ್ಯ ಮಾಡಿದರೆ ಎರಡನೆಯದಕ್ಕೆ ಅರ್ಧ ಧೈರ್ಯ ಸಾಕು.

ಇನ್ನೊಂದು ಎಚ್ಚರ ಬೇಕು. 2017ರ ಮೇ ತಿಂಗಳಲ್ಲಿ ನಮ್ಮದೇ ತುಮಕೂರಿನಲ್ಲಿ ರಾಜಕೀಯ ನಾಯಕರೊಬ್ಬರು ದಲಿತರ ಮನೆಯಲ್ಲಿ ಮಾಡಿದ ಉಪಾಹಾರಕ್ಕೆ ಹೋಟೆಲಿನಿಂದ ಇಡ್ಲಿ ತರಿಸಲಾಗಿತ್ತೆಂದು ದೊಡ್ಡ ವಿವಾದವಾಯಿತು. ಕ್ಯಾಮೆರಾ ಮುಂದಿನ ಊಟ ನಮಗೆ ಬೇಡ. ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರೆ ಬಂದವರ ಮಾನ ಮತ್ತೊಮ್ಮೆ ಹೊರಗೆ ನಿಂತಂತೆ. ಹಾಗೆಯೇ ಬಂದವರಿಗೆ ಮಾತ್ರ ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟ ತಂದಿಡುವ ಜಾಣತನವೂ ಬೇಡ. ಹಿಂದೆ ಹೋಟೆಲಿನ ಸೂರಿಗೆ ಸಿಕ್ಕಿಸಿಡುತ್ತಿದ್ದ ಪ್ರತ್ಯೇಕ ಲೋಟವೇ ಈಗ ಬಳಸಿ ಬಿಸಾಡುವ ಲೋಟವಾಗಿ ಬಂದಿದೆ. ಮನೆಯವರಿಗೆ ಬಾಳೆಯೆಲೆಯಾದರೆ ಬಂದವರಿಗೂ ಬಾಳೆಯೆಲೆ, ಮನೆಯವರಿಗೆ ಸ್ಟೀಲ್ ಲೋಟವಾದರೆ ಅವರಿಗೂ ಅದೇ.

ಕೊಡುವುದಕ್ಕಿಂತ ಕಷ್ಟದ್ದು ಉಣ್ಣಲು ಹೋಗುವುದು. ಕರೆದು ಉಣ್ಣಿಸುವಾಗಲೂ ನಾವು ದೊಡ್ಡವರಾಗಿಯೇ ಉಳಿಯಬಹುದು. ಅವರ ಮನೆಯ ಚಾಪೆಯ ಮೇಲೆ ಕೂತು, ಅವರ ಒಲೆಯಲ್ಲಿ ಬೆಂದದ್ದನ್ನು ಅವರ ಕೈಯಿಂದ ಹಾಕಿಸಿಕೊಂಡು ಉಂಡಾಗ ಮಾತ್ರ ಸಮ ಆಗುತ್ತೇವೆ. ಯುಗಾದಿಯ ಮಾರನೆಯ ದಿನ ಹೊಸತೊಡಕು ಇದೆಯಲ್ಲ. ಊರಲ್ಲಿ ಚೀಟಿ ಹಾಕಿ ಕುರಿ ತಂದು, ಗುಡ್ಡೆ ಹಾಕಿ ಪಾಲು ಹಂಚಿಕೊಳ್ಳುತ್ತಾರೆ. ಬಾಡು ತಿನ್ನುವವರು ಆ ದಿನ ಕಾಲೊನಿಯ ಮನೆಗೆ ಹೋಗಿ ಮುದ್ದೆ ಮುರಿಯಬಹುದು. ತಿನ್ನದವರು ಯುಗಾದಿಯ ದಿನವೇ ಹೋಗಿ ಅವರ ಮನೆಯ ಒಬ್ಬಟ್ಟನ್ನು ಉಣ್ಣಬಹುದು. ಹೂರಣ ಅಲ್ಲೂ ಅದೇ ತೊಗರಿಯದು, ಅದೇ ಬೆಲ್ಲದ್ದು.

ಇದು ಕಾಲೊನಿಗೆ ಮಾತ್ರ ಸಂಬಂಧಿಸಿದ ಮಾತೂ ಅಲ್ಲ. ಮೊಘಲರ ಸುಬೆಯಾಗಿದ್ದ ಶಿರಾದಲ್ಲಿ ಮಲಿಕ್ ರೆಹಾನ್ ದರ್ಗಾಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ, ನಮ್ಮ ಹಳ್ಳಿಗಳಲ್ಲಿ ಮೊಹರಂನ ಬಾಬಯ್ಯನ ಹಬ್ಬಕ್ಕೆ ಸಕ್ಕರೆ ಓದಿಸುತ್ತಾರೆ. ದರ್ಗಾದ ಸಕ್ಕರೆ ಪ್ರಸಾದ ಆಗುವುದಾದರೆ ಸಾಬರ ಮನೆಯ ರಂಜಾನ್ ಪಾಯಸವೂ ನಮ್ಮ ನಾಲಿಗೆಗೆ ಸಿಹಿಯೇ ಆಗಬೇಕು. ಮತ್ತೆ ನಮ್ಮ ಮನೆಯ ಒಳಗೇ ಇರುವವಳೊಬ್ಬಳಿದ್ದಾಳೆ. ಬೆಳಗ್ಗೆ ನಾಲ್ಕಕ್ಕೆ ಎದ್ದು, ಎಲ್ಲರಿಗೂ ಬಡಿಸಿ, ಸಂಜೆ ತಣ್ಣಗಾದದ್ದನ್ನು ಒಬ್ಬಳೇ ಅಡುಗೆಮನೆಯಲ್ಲಿ ಉಣ್ಣುವವಳು. ಪಂಕ್ತಿ ಸಮ ಆಗಬೇಕಾದರೆ ಅವಳಿಗೂ ಅದೇ ಸಾಲಿನಲ್ಲಿ, ಅದೇ ಹೊತ್ತಿಗೆ ಎಲೆ ಬೀಳಬೇಕು. ಬಡಿಸಲು ಗಂಡಸರಿಗೂ ಕೈ ಇದೆ.

ಅಣ್ಣಂದಿರೇ, ಅಕ್ಕಂದಿರೇ, ಬೆಂಗಳೂರಿನಿಂದ ಹಬ್ಬಕ್ಕೆಂದು ಬಸ್ಸು ಹತ್ತಿ ಊರಿಗೆ ಬರುವ ತಮ್ಮ ತಂಗಿಯರೇ, ಮುಂದಿನ ಹಬ್ಬಕ್ಕೆ ಇಷ್ಟು ಮಾಡಿ. ಹಿಂದಿನ ದಿನವೇ ನಿಮ್ಮ ಹೊಲಕ್ಕೆ ಬರುವವರ ಮನೆಗೆ, ನಿಮ್ಮ ಮಗುವಿನ ಗೆಳೆಯನ ಮನೆಗೆ ನೀವೇ ನಡೆದು ಹೋಗಿ. 'ನಾಳೆ ನಮ್ಮನೇಲಿ ಊಟ, ಮನೆಮಂದಿಯೆಲ್ಲ ಬನ್ನಿ' ಎಂದು ನೆಂಟರನ್ನು ಕರೆಯುವ ಹಾಗೆ ಕರೆಯಿರಿ. ಮುಂಬಾಗಿಲಿನಿಂದ ಒಳಗೆ ಕರೆದುಕೊಂಡು ಬನ್ನಿ. ನಡುಮನೆಯಲ್ಲಿ ಒಂದೇ ಸಾಲು ಎಲೆ ಹಾಕಿ, ಅವರ ಪಕ್ಕದಲ್ಲಿ ನೀವು ಕೂರಿ. ಅವರು ಕರೆದ ದಿನ ತಪ್ಪದೆ ಹೋಗಿ, ಹೊಟ್ಟೆ ತುಂಬ ಉಂಡು ಬನ್ನಿ.

ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಸಂಘ ಕಟ್ಟಬೇಕಿಲ್ಲ, ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ. ಹೇಗೂ ಒಬ್ಬಟ್ಟು ಮಾಡುತ್ತೀರಿ, ಹೇಗೂ ಕೊಡುತ್ತೀರಿ. ಈ ಸಲ ಹಿತ್ತಲ ಬಾಗಿಲಲ್ಲಿ ಕೊಡಬೇಡಿ. ಒಳಗೆ ಕರೆಯಿರಿ.