ನಾಟಕ ಯಾವ ಊರಿನದು?

ಪುಟ್ಟೇನಹಳ್ಳಿಯ ನಮ್ಮ ಹುಡುಗರು ಹೊಸ ನಾಟಕ ಕಟ್ಟಲು ಕೂತಿದ್ದಾರೆ. ಸಂದೇಶ ಆಗಲೇ ಸಿದ್ಧ: ಜಾತಿ ನಾಶವಾಗಬೇಕು. ಸ್ಥಳ? ‘ಒಂದು ಹಳ್ಳಿ.’ ಯಾಕ್ರಪ್ಪಾ, ಆ ಹಳ್ಳಿಗೆ ಹೆಸರಿಲ್ವಾ?

1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಸುಟ್ಟರು. ಅದನ್ನು ಬೀದಿ ನಾಟಕ ಮಾಡಿದ ‘ಸಮುದಾಯ’ ತಂಡ ಊರಿನ ಹೆಸರನ್ನೇ ಇಟ್ಟಿತು: ‘ಬೆಲ್ಚಿ’. ಹೆಸರು ಕೇಳಿದವನು ತಪ್ಪಿಸಿಕೊಳ್ಳುವಂತಿಲ್ಲ.

ನಾವು ಬಿಹಾರಕ್ಕೂ ಹೋಗಬೇಕಿಲ್ಲ. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ಮಾತು ಬದಲಿಸಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಸುಟ್ಟವರ್ಯಾರು, ಬೆಂಕಿಯೇ ನಡೆದು ಬಂತಾ? ನಾಟಕ ಬೆಂಕಿಯಿಂದ ಶುರುವಾಗುವುದು ಬೇಡ, ಕಟಕಟೆಯಿಂದ ಶುರುವಾಗಲಿ. ಸಾಕ್ಷಿ ಹೇಳಲು ಬಂದವನು ನಾಳೆ ಕೂಲಿಗೆ ಯಾರ ಹೊಲಕ್ಕೆ ಹೋಗಬೇಕು? ಅದನ್ನು ತೋರಿಸಿ, ಸಂದೇಶ ತಾನೇ ಬರುತ್ತೆ.

ದುರಂತವೋ ಪ್ರಹಸನವೋ ಅಂತ ಜಗಳ ಬೇರೆ! ಹೆಣದ ಮುಂದೆಯೂ ತಮಟೆ ಬಡಿದು ಕುಣಿಯುವ ಜನ ನಾವು. ಬರೀ ಗೋಳು ತೋರಿಸಿದರೆ ನೋಡುವವರು ಅಯ್ಯೋ ಪಾಪ ಅಂದು ಮನೆಗೆ ಹೋಗ್ತಾರೆ. ‘ಯಾರೂ ಸುಟ್ಟಿಲ್ಲ’ ಅನ್ನುವ ದೃಶ್ಯಕ್ಕೆ ಜನ ನಗಲಿ, ನಕ್ಕವರಿಗೆ ಆಮೇಲೆ ಸಂಕಟವಾಗಲಿ.

ಕೊನೆಗೆ ಬಂದು ಭಾಷಣ ಬಿಗಿಯುವ ವಿದ್ಯಾವಂತ ಯುವಕನ ಪಾತ್ರ ಇದೆಯಲ್ಲ, ಅದನ್ನು ಈಗಲೇ ಕಿತ್ತುಹಾಕಿ.