ದತ್ತಿಯ ಲೆಕ್ಕ ಕೇಳುವುದು ಕಲಹವೆ?

ಕಳೆದ ಚಾತುರ್ಮಾಸದಲ್ಲಿ ನಮ್ಮ ಹೊನ್ನವಳ್ಳಿಯ ಕಡೆಯ ಒಂದು ಬಸದಿಯ ಟ್ರಸ್ಟಿನ ಸಭೆಯಲ್ಲಿ ಒಬ್ಬ ತರುಣನು ಎಲ್ಲರೆದುರು ಛೀಮಾರಿಗೆ ಗುರಿಯಾದನು. ಅವನ ಅಪರಾಧವಾದರೂ ಏನು? ಮೂವತ್ತು ವರ್ಷಗಳಿಗೂ ಹಿಂದೆ ಟ್ರಸ್ಟು ಒಂದು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ದತ್ತಿನಿಧಿ ಏನಾಯಿತೆಂದು ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಹಾಕಿದ್ದನು. ಅದೂ ಟ್ರಸ್ಟಿನ ಕಾಗದದಲ್ಲಿಯೇ ಮೂರು ಬಾರಿ ಸವಿನಯವಾಗಿ ಬರೆದು, ಒಂದಕ್ಕೂ ಉತ್ತರ ಬಾರದೆ ಹೋದ ಮೇಲೆ. “ಸರಸ್ವತಿಯ ಮನೆಗೆ ಕೊಟ್ಟದ್ದಕ್ಕೆ ಲೆಕ್ಕ ಕೇಳುತ್ತೀಯಲ್ಲಪ್ಪ, ಇದು ಶ್ರಾವಕನ ಲಕ್ಷಣವೆ?” ಎಂದು ಹಿರಿಯರೊಬ್ಬರು ಕೇಳಿದರು. ತಲೆದೂಗಿದವರೇ ಹೆಚ್ಚು. ನಾನೂ ಆ ದಿನ ಬಾಯಿ ತೆರೆಯಲಿಲ್ಲ. ಸುಮ್ಮನಿದ್ದುದು ತಪ್ಪಾಯಿತೆಂದು ಆಮೇಲೆ ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆ ಹಿರಿಯರ ಬಗ್ಗೆ ನನಗೆ ಗೌರವವಿದೆ. ಅವರ ವಾದ ಮಾತ್ರ ನಮ್ಮ ಶಾಸ್ತ್ರಕ್ಕೆ ವಿರುದ್ಧವಾದುದು.

ಕೊಟ್ಟ ದಾನವನ್ನು ಮರೆಯಬೇಕೆಂಬುದು ನಿಜ. ಆಹಾರದಾನ ಮಾಡಿದವನು ಅಕ್ಕಿಯ ಲೆಕ್ಕ ಬರೆದಿಡುವುದಿಲ್ಲ. ಆದರೆ ದತ್ತಿನಿಧಿ ಆ ಬಗೆಯದಲ್ಲ. ಅಸಲು ಕರಗಬಾರದು, ಬಡ್ಡಿಯಿಂದ ವರ್ಷಕ್ಕೊಮ್ಮೆ ಹಳಗನ್ನಡ ಜೈನ ಕಾವ್ಯಗಳ ಮೇಲೆ ಉಪನ್ಯಾಸ ನಡೆಯಬೇಕು, ಮಿಕ್ಕದ್ದು ಒಬ್ಬ ಬಡ ವಿದ್ಯಾರ್ಥಿಗೆ ಬಹುಮಾನವಾಗಿ ಸಲ್ಲಬೇಕು ಎಂಬ ಷರತ್ತಿನ ಮೇಲೆ ಒಪ್ಪಿಸಿದ ಹಣವದು. ಅದು ವಿಶ್ವವಿದ್ಯಾನಿಲಯದ ಸ್ವತ್ತಲ್ಲ, ಟ್ರಸ್ಟಿನದೂ ಅಲ್ಲ. ಇನ್ನೂ ಹುಟ್ಟದಿರುವ ವಿದ್ಯಾರ್ಥಿಗಳದು. ನಮ್ಮ ಪೂರ್ವಾಚಾರ್ಯರು ಇಂಥದಕ್ಕೆ ‘ನ್ಯಾಸ’ ಎಂದು ಕರೆದರು. ಅಂದರೆ ನಂಬಿ ಇಟ್ಟ ವಸ್ತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲೊಂದು ನ್ಯಾಸಾಪಹಾರ. ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಬಿಡಿಸಿರುವ ರೀತಿ ವರ್ತಕನಾದ ನನಗೆ ಪ್ರತಿ ಸಲವೂ ಚುಚ್ಚುತ್ತದೆ. ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು, ಕಡಿಮೆ ಸಂಖ್ಯೆ ಹೇಳಿ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೆ’ ಎಂದು ಒಪ್ಪಿಕೊಡುವುದೇ ನ್ಯಾಸಾಪಹಾರ. ಗಮನಿಸಿ: ಇದನ್ನು ಅಚೌರ್ಯದ ಅತಿಚಾರಗಳಲ್ಲಿ ಸೇರಿಸಲಿಲ್ಲ, ಸತ್ಯದ ಅತಿಚಾರಗಳಲ್ಲಿ ಸೇರಿಸಿದರು. ಬಾಯಲ್ಲಿ ಸುಳ್ಳು ಹೇಳಬೇಕಾಗಿಯೇ ಇಲ್ಲ; ಮರೆತವನ ಮರೆವನ್ನು ತಿದ್ದದಿರುವುದೇ ಸುಳ್ಳು.

ನಮ್ಮ ಕಡೆ ರೈತನು ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟು, ಸುಲಿಸಿ, ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಂಡಿಗೆ ತರುತ್ತಾನೆ. ಧಾರಣೆ ಬಿದ್ದಿದ್ದರೆ ಚೀಲಗಳನ್ನು ಪರಿಚಯದ ಮಂಡಿಯಲ್ಲಿ ಇರಿಸಿ ಊರಿಗೆ ಮರಳುವುದುಂಟು. ನನ್ನ ತಂದೆಯವರ ಕಾಲದಲ್ಲಿ ಒಬ್ಬ ವೃದ್ಧ ರೈತ ಹೀಗೆ ಇರಿಸಿ ಹೋಗಿ, ಕಾಯಿಲೆ ಬಿದ್ದು, ಮರುವರ್ಷ ಬಂದು “ಸ್ವಾಮಿ, ನನ್ನವು ಹನ್ನೆರಡು ಚೀಲ” ಎಂದನಂತೆ. ಕಿರ್ದಿಯಲ್ಲಿ ಹದಿನಾಲ್ಕು ಎಂದಿತ್ತು. ತಂದೆಯವರು ಆ ಪುಟವನ್ನು ತೆರೆದು ಅವನ ಮುಂದಿಟ್ಟರು. ಅವನು ಅಕ್ಷರ ಬಲ್ಲವನಲ್ಲ, ಆದರೂ ಪುಟವನ್ನು ಅವನ ಕಡೆಗೇ ತಿರುಗಿಸಿ ಇಟ್ಟರು. ಬಿ.ಕಾಂ. ತರಗತಿಯಲ್ಲಿ ನಾನು ಕಲಿತ ಲೆಕ್ಕಶಾಸ್ತ್ರ ಇದಕ್ಕಿಂತ ಹೆಚ್ಚಿನದೇನನ್ನೂ ಹೇಳಿಕೊಡಲಿಲ್ಲ.

ಈಗ ತರುಣನ ಅರ್ಜಿಯ ಕಥೆ. ಅವನು ನೆನಪಿನಿಂದ ‘ಹತ್ತು ಸಾವಿರ ರೂಪಾಯಿಗಳ ದತ್ತಿ’ ಎಂದು ಬರೆದಿದ್ದನು. ಮೂವತ್ತನೆಯ ದಿನ ಉತ್ತರ ಬಂದಿತು: ಹತ್ತು ಸಾವಿರದ ದತ್ತಿ ಇರುವುದು ನಿಜ, ಬಡ್ಡಿ ಇಷ್ಟು, ಉಪನ್ಯಾಸಗಳು ಇಷ್ಟು. ಸಭೆಯಲ್ಲಿ ಇದನ್ನೇ ಹಿಡಿದು “ನೋಡಪ್ಪ, ಎಲ್ಲ ಸರಿಯಾಗಿಯೇ ಇದೆ” ಎಂದರು. ದೀಪಾವಳಿಯ ಹೊತ್ತಿಗೆ ಟ್ರಸ್ಟಿನ ಹಳೆಯ ಪೆಟ್ಟಿಗೆಯನ್ನು ಶುಚಿ ಮಾಡುವಾಗ ಎರಡನೆಯ ರಸೀತಿ ಸಿಕ್ಕಿತು. ಹತ್ತು ಸಾವಿರವಾದ ಎರಡು ವರ್ಷಕ್ಕೆ ಇನ್ನೂ ಹದಿನೈದು ಸಾವಿರ ಸಂದಾಯವಾಗಿದೆ. ಅದೇ ವಿಶ್ವವಿದ್ಯಾನಿಲಯದ ಮೊಹರು, ಅದೇ ಉದ್ದೇಶ. ಯಾರೋ ನುಂಗಿದರೆಂದು ನಾನು ಹೇಳುವುದಿಲ್ಲ. ಬೇರೆ ಖಾತೆಯ ತಲೆಬರಹದಡಿ ಹಣ ಮಲಗಿರಬಹುದು. ಆದರೆ ಕೇಳಿದವನು ಮರೆತದ್ದನ್ನು ಕೇಳಿಸಿಕೊಂಡವನು ನೆನಪಿಸಲಿಲ್ಲ. ಪೂಜ್ಯಪಾದರ ವ್ಯಾಖ್ಯಾನಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಬೇಕೆ?

ಎರಡನೆಯ ಅರ್ಜಿಗೆ ಬಂದ ಉತ್ತರದಲ್ಲಿ ಹದಿನೈದು ಸಾವಿರದ ‘ಕಡತ ಪತ್ತೆಯಾಗಿಲ್ಲ’ ಎಂದಿದೆ. ಜೊತೆಗೆ, ಬಹುಮಾನ ಪಡೆದವರ ಹೆಸರುಗಳು ‘ವೈಯಕ್ತಿಕ ಮಾಹಿತಿ’ಯಾದ್ದರಿಂದ ಕೊಡಲಾಗುವುದಿಲ್ಲವಂತೆ! ಘಟಿಕೋತ್ಸವದ ವೇದಿಕೆಯಲ್ಲಿ ಧ್ವನಿವರ್ಧಕದಲ್ಲಿ ಕೂಗುವ ಹೆಸರು ಕಚೇರಿಯ ಮೇಜಿಗೆ ಬರುವಷ್ಟರಲ್ಲಿ ರಹಸ್ಯವಾಗುವ ಚಮತ್ಕಾರವನ್ನು ನಾನು ಇದೇ ಮೊದಲು ಕಂಡೆ. ಇದಕ್ಕೆ ಆಸರೆ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಸಾಮಾನ್ಯನಿಗೂ ನಿರಾಕರಿಸಬಾರದೆಂಬ ಮಾತು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೆ ಅಂಟಿಕೊಂಡಿತ್ತು. ಹೊಸ ಕಾಯ್ದೆ ಅದನ್ನು ಕಿತ್ತುಹಾಕಿತು. 2025ರ ನವೆಂಬರ್ ತಿಂಗಳಿನಿಂದ ಆ ತಿದ್ದುಪಡಿ ಜಾರಿಯಲ್ಲಿದೆ. ಆದರೂ ಸಾರ್ವಜನಿಕ ಹಿತ ಹೆಚ್ಚಿನದಾದರೆ ಮಾಹಿತಿ ಕೊಡಬಹುದೆಂಬ 8(2)ನೆಯ ಕಲಮು ಹಾಗೆಯೇ ಉಳಿದಿದೆ. ಟ್ರಸ್ಟುಗಳು ಇದನ್ನು ನೆನಪಿನಲ್ಲಿಡಬೇಕು.

ಅರ್ಜಿ ಹಾಕುವುದೇ ಹಿಂಸೆ, ಗುಮಾಸ್ತರನ್ನು ಕಾಡಿದಂತೆ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿಲ್ಲವೆನ್ನಲಾರೆ. ಕಂತೆ ಕಂತೆ ಅರ್ಜಿ ಹಾಕಿ, ವ್ಯವಹಾರ ಕುದುರಿದೊಡನೆ ಹಿಂತೆಗೆದುಕೊಳ್ಳುವವರು ಇದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿಯೇ ರಹೋಭ್ಯಾಖ್ಯಾನವೂ ಇದೆ, ಸಾಕಾರಮಂತ್ರಭೇದವೂ ಇದೆ. ಪರರ ಏಕಾಂತವನ್ನು ಬಯಲಿಗೆಳೆಯುವವನಿಗೆ ನಮ್ಮ ಧರ್ಮದಲ್ಲಿ ರಿಯಾಯಿತಿ ಇಲ್ಲ. ಕಾನೂನೂ ಈ ಅಂತರವನ್ನು ಬಲ್ಲದು. ಕಲ್ಕತ್ತಾ ವಿಶ್ವವಿದ್ಯಾನಿಲಯವು ತನ್ನ ವಿದ್ಯಾರ್ಥಿಯೊಬ್ಬನಿಗೆ ಅವನದೇ ಉತ್ತರಪತ್ರಿಕೆಯನ್ನು ತೋರಿಸಲು ಒಪ್ಪದಿದ್ದಾಗ, ತೋರಿಸಬೇಕೆಂದು 2008ರಲ್ಲಿ ಅಲ್ಲಿನ ಹೈಕೋರ್ಟು ಹೇಳಿತು. ಆ ತತ್ತ್ವವನ್ನು ಸುಪ್ರೀಂ ಕೋರ್ಟು 2011ರ ಆಗಸ್ಟ್ 9ರಂದು ಎತ್ತಿಹಿಡಿಯಿತು. ಪರೀಕ್ಷಕರೊಡನೆ ನಮ್ಮದು ವಿಶ್ವಾಸದ ಸಂಬಂಧ, ಆದ್ದರಿಂದ ತೋರಿಸಲಾರೆವು ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಅದೇ ತೀರ್ಪು ಪರೀಕ್ಷಕರ ಹೆಸರನ್ನು ಮರೆಮಾಡಲು ಅವಕಾಶ ಕೊಟ್ಟಿತು. ವಿವೇಚನೆಯಿಲ್ಲದ ಅರ್ಜಿಗಳು ಆಡಳಿತವನ್ನೇ ನಿಲ್ಲಿಸಿಯಾವೆಂದು ಎಚ್ಚರಿಸಿತು ಕೂಡ. ನಮ್ಮ ರಾಜ್ಯದ ನಿಯಮದಲ್ಲಿ 2008ರಿಂದ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಲವರು ಇದನ್ನು ದೂರುತ್ತಾರೆ. ನನಗೆ ಅಂಥ ದೂರಿಲ್ಲ. ದತ್ತಿಯ ಲೆಕ್ಕ ಕೇಳಲು ಅರವತ್ತು ಪದ ಸಾಕು, ಹತ್ತು ರೂಪಾಯಿ ಶುಲ್ಕ ಸಾಕು.

ವಿದ್ಯಾಮಂದಿರಗಳನ್ನು ಸಂಶಯದಿಂದ ನೋಡಬಾರದೆನ್ನುವವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪ್ರಸಂಗವನ್ನು ನೆನೆಯಲಿ. ಅದರ ಮಾನ್ಯತೆ 2012–13ರ ಆಚೆಗೆ ಇಲ್ಲವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2015ರ ಜೂನ್ ತಿಂಗಳಲ್ಲಿ ಸಾರಿತು. ನಡುವಿನ ಎರಡು ವರ್ಷಗಳಲ್ಲಿ ಸಾವಿರಾರು ಮಕ್ಕಳು ಶುಲ್ಕ ಕಟ್ಟಿ ಸೇರಿದ್ದರು. ಮಾನ್ಯತೆ ಮರಳಿದ್ದು 2018ರಲ್ಲಿ; ಅಲ್ಲಿಯವರೆಗೆ ಆ ಮಕ್ಕಳ ಪದವಿ ತೂಗುಯ್ಯಾಲೆಯಲ್ಲಿತ್ತು. ಮಾಹಿತಿ ಹಕ್ಕು ಕಾಯ್ದೆ ಆ ವೇಳೆಗೆ ಹತ್ತು ವರ್ಷ ಹಳೆಯದಾಗಿತ್ತು. ಜನರ ಮೇಲೆ ಪರಿಣಾಮ ಬೀರುವ ಸಂಗತಿಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು ಅದರ ನಾಲ್ಕನೆಯ ಕಲಮು ಹೇಳುತ್ತದೆ. ಪ್ರವೇಶದ ಅರ್ಜಿ ನಮೂನೆಯ ಮೊದಲ ಪುಟದಲ್ಲಿ ಮಾನ್ಯತೆಯ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರೆ ಎಷ್ಟು ಮನೆಗಳ ಕಣ್ಣೀರು ತಪ್ಪುತ್ತಿತ್ತು! ಅಲ್ಲಿ ಯಾರಾದರೂ ‘ಕಲಹಪ್ರಿಯ’ನೊಬ್ಬ ಮೊದಲೇ ಕೇಳಿ ಊರಿಗೆಲ್ಲ ಸಾರಿದ್ದರೆ ಅವನನ್ನು ನಾವು ಬೈಯುತ್ತಿದ್ದೆವೆ?

ಇಷ್ಟು ಬರೆದ ಮೇಲೆ ನಮ್ಮ ಮನೆಯ ಕಸವನ್ನೂ ತೋರಿಸಲೇಬೇಕು. ಎರಡನೆಯ ರಸೀತಿ ನಮ್ಮ ಪೆಟ್ಟಿಗೆಯಲ್ಲಿ, ಹರಿದ ಪೂಜಾವಸ್ತ್ರದ ಕೆಳಗೆ ಇತ್ತು. ಟ್ರಸ್ಟಿನ ಖಾತೆಯಲ್ಲಿ ಆ ದತ್ತಿಯ ನಮೂದೇ ಇಲ್ಲ. ವಿಶ್ವವಿದ್ಯಾನಿಲಯವು ನೆನಪಿಸಲಿಲ್ಲವೆಂದು ದೂರುವ ನಾವು ನೆನಪಿಟ್ಟುಕೊಂಡಿದ್ದೆವೆ? ನಾಳೆ ಒಬ್ಬ ಶ್ರಾವಕ ಬಂದು ತನ್ನ ಅಜ್ಜಿ ನಂದಾದೀಪಕ್ಕೆಂದು ಇಟ್ಟ ಹಣವೆಲ್ಲಿ ಎಂದು ಕೇಳಿದರೆ ಯಾವ ಪುಟ ತಿರುಗಿಸುತ್ತೇವೆ? ಮಾಹಿತಿ ಹಕ್ಕು ಕಾಯ್ದೆ ನಮಗೆ ಅನ್ವಯಿಸದೆಂದು ವಕೀಲರು ಹೇಳಿಯಾರು. ಸತ್ಯಾಣುವ್ರತ ಅನ್ವಯಿಸದೆಂದು ಹೇಳುವ ವಕೀಲರು ಯಾರೂ ಇಲ್ಲ.

ಆದುದರಿಂದ ಓದುವ ಟ್ರಸ್ಟುಗಳಲ್ಲಿ ನನ್ನ ವಿಜ್ಞಾಪನೆ: ಯಾವ ವಿಶ್ವವಿದ್ಯಾನಿಲಯಕ್ಕೆ, ಯಾವ ಕಾಲೇಜಿಗೆ, ಎಂದು, ಎಷ್ಟು, ಯಾವ ಉದ್ದೇಶಕ್ಕೆ ಕೊಟ್ಟಿದ್ದೀರೆಂಬುದನ್ನು ಮುಂದಿನ ಮಹಾವೀರ ಜಯಂತಿಯೊಳಗೆ ಒಂದು ಪುಸ್ತಕದಲ್ಲಿ ಬರೆದಿಡಿ, ರಸೀತಿಯ ಜೆರಾಕ್ಸ್ ಪ್ರತಿಯನ್ನು ಅದಕ್ಕೆ ಅಂಟಿಸಿ. ಮೊದಲು ಸಾಮಾನ್ಯ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ಅರ್ಜಿ. ಮೂವತ್ತು ದಿನದಲ್ಲಿ ಬಾರದಿದ್ದರೆ ಅಥವಾ ಬಂದ ಉತ್ತರ ಅಪೂರ್ಣವಾದರೆ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ನಮ್ಮ ತರುಣನ ಮೇಲ್ಮನವಿ ಈಗ ವಿಚಾರಣೆಗೆ ಬಂದಿದೆ. ಈ ಸಲ ಅವನ ಜೊತೆಯಲ್ಲಿ ನಾನೂ ಹೋಗುತ್ತಿದ್ದೇನೆ, ಎರಡೂ ರಸೀತಿಗಳನ್ನು ತೆಗೆದುಕೊಂಡು. ಅಂದು ಸಭೆಯಲ್ಲಿ ಬೈದ ಹಿರಿಯರನ್ನೂ ಕರೆದಿದ್ದೇನೆ. ನೋಡೋಣ ಎಂದಿದ್ದಾರೆ.