ಸುಂಕ ಇಳಿದರೆ ಸಾಲದು, ಹೆಸರಿಗೂ ಕಾವಲು ಬೇಕು

ಅಥಣಿಯ ಸಮಗಾರರ ಮನೆಗಳಲ್ಲಿ ಚಪ್ಪಲಿ ಇಡೀ ಮನೆಯ ಕೆಲಸ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ಎಮ್ಮೆಯ ತೊಗಲನ್ನು ಗಂಡಸರು ಕೊಯ್ದರೆ, ಹೆಂಗಸರು ಕೂತು ಪಟ್ಟಿಯ ಎಳೆ ಹೆಣೆಯುತ್ತಾರೆ. ಹೊಲಿಗೆಗೂ ತೊಗಲಿನದೇ ದಾರ, ಮೊಳೆ ಇಲ್ಲ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಪ್ರಾಡಾ ಮಿಲಾನ್‌ನಲ್ಲಿ ಮೆರೆಸಿದ್ದು ಇದೇ ಮಾದರಿ, ಊರಿನ ಹೆಸರೆತ್ತದೆ. ಗದ್ದಲ ಎದ್ದ ಮೇಲಷ್ಟೇ ಪ್ರೇರಣೆ ಭಾರತದ್ದೆಂದು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಅದು ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್, ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಲಿಡ್ಕಾಮ್ ಎರಡರ ಜೊತೆ ಒಪ್ಪಂದವನ್ನೂ ಮಾಡಿಕೊಂಡಿತು: 2,000 ಜೋಡಿ, ಜೋಡಿಯ ಮಾರಾಟ ಬೆಲೆ ಸುಮಾರು 800 ಯೂರೊ.

2026ರ ಜನವರಿ 27ರಂದು ಭಾರತ ಮತ್ತು 27 ದೇಶಗಳ ಯುರೋಪಿಯನ್ ಒಕ್ಕೂಟ ಮುಕ್ತ ವ್ಯಾಪಾರ ಮಾತುಕತೆ ಮುಗಿಸಿದವು. ನಮ್ಮ ಚರ್ಮ, ಪಾದರಕ್ಷೆಗಳ ಮೇಲೆ ಅಲ್ಲಿ 17%ವರೆಗೆ ಇದ್ದ ಸುಂಕ ಹೋಗಲಿದೆ. ಒಳ್ಳೆಯದೇ. ಆದರೆ ಭೌಗೋಳಿಕ ಗುರುತಿನ, ಅಂದರೆ ಜಿಐ ವಿಷಯವನ್ನು ಬೇರೊಂದು ಒಪ್ಪಂದಕ್ಕೆ ಬಿಡಲಾಗಿದೆ. ನನ್ನ ತಕರಾರು ಇಲ್ಲಿದೆ. ಹೆಸರಿಗೆ ಕಾವಲಿಲ್ಲದೆ ಬಾಗಿಲು ತೆರೆದರೆ ಲಾಭ ರಫ್ತುದಾರನ ಪಾಲು, ಹೆಣೆದವಳಿಗೆ ಹಳೆಯದೇ ಕೂಲಿ.

ಈ ಚಪ್ಪಲಿಗಿರುವ ಕೊಲ್ಹಾಪುರಿ ಎಂಬ ಹೆಸರು ನಮ್ಮದಲ್ಲ ಎಂದು ಕೆಲವರು ಸುಮ್ಮನಿದ್ದಾರೆ. ಜಿಐ ನೋಂದಣಿಯಲ್ಲಿರುವುದು ಎಂಟು ಜಿಲ್ಲೆ: ನಾಲ್ಕು ಮಹಾರಾಷ್ಟ್ರದವು, ಉಳಿದವು ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಸುಬುದಾರರು ಈ ಹೆಸರಿನ ಹಕ್ಕುದಾರರೇ. ಕಾಗವಾಡ ದಾಟಿದರೆ ರಾಜ್ಯ ಬದಲಾಗುತ್ತದೆ, ತೊಗಲಿನ ಹದ ಬದಲಾಗುವುದಿಲ್ಲ. ಕೊಲ್ಹಾಪುರದ ಜೊತೆ ಜಗಳ ಬೇಡ, ಪಾಲು ಬೇಕು.

ಪ್ರಾಡಾ ತಾನಾಗಿಯೇ ಬಂತಲ್ಲ, ಇನ್ನೇಕೆ ಕಾನೂನು ಎನ್ನುವವರಿದ್ದಾರೆ. ಔದಾರ್ಯ 2,000 ಜೋಡಿಗೆ ಮುಗಿಯುತ್ತದೆ, ಹಕ್ಕು ಮುಗಿಯುವುದಿಲ್ಲ. 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್, ಪ್ರಾಡಾ ವಿರುದ್ಧ ವಕೀಲರು ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ತಳ್ಳಿಹಾಕಿತು. ಜಿಐ ಒಡೆಯರಲ್ಲದ ನಿಮಗೆ ಇದರಲ್ಲಿ ಏನು ಅಧಿಕಾರ ಎಂಬುದೇ ಅಲ್ಲಿ ಎದ್ದ ಪ್ರಶ್ನೆ. ಒಡೆಯರು ಲಿಡ್ಕರ್ ಮತ್ತು ಲಿಡ್ಕಾಮ್. ಅವರೇ ಎದ್ದು ನಿಲ್ಲಬೇಕು.

ದಾರಿಯೂ ಇದೆ. 2025ರ ಡಿಸೆಂಬರ್ 1ರಿಂದ ಯುರೋಪಿನಲ್ಲಿ ಕರಕುಶಲ ವಸ್ತುಗಳಿಗೂ ಜಿಐ ರಕ್ಷಣೆ ಸಿಗುವ ಕಾನೂನು ಜಾರಿಯಾಗಿದೆ; ಹೊರದೇಶದವರೂ ಅರ್ಜಿ ಹಾಕಬಹುದು. ಎರಡೂ ನಿಗಮ ಕೂಡಿ ಅರ್ಜಿ ಸಲ್ಲಿಸಲಿ. ನಮ್ಮ ತಾಲ್ಲೂಕುಗಳ ಪ್ರತಿ ಕಸುಬುದಾರರನ್ನೂ, ಹೆಣೆಯುವ ಹೆಂಗಸರನ್ನೂ ಸೇರಿಸಿ, ಜಿಐನ ಅಧಿಕೃತ ಬಳಕೆದಾರರಾಗಿ ಲಿಡ್ಕರ್ ನೋಂದಾಯಿಸಲಿ. ಕೇಂದ್ರ ಸರ್ಕಾರ ಜಿಐ ಮಾತುಕತೆಯಲ್ಲಿ ಈ ಚಪ್ಪಲಿಯನ್ನು ಬಿಟ್ಟುಕೊಡದಿರಲಿ.

ಶರಣ ದಂಪತಿ ಸಮಗಾರ ಹರಳಯ್ಯ, ಕಲ್ಯಾಣಮ್ಮನವರನ್ನು ಹೆಸರು ಹಿಡಿದು ನೆನೆಯುವ ನಾಡು ಇದು. ಚಪ್ಪಲಿಯ ಜೊತೆ ಮಾಡಿದವರ ಹೆಸರೂ ಯುರೋಪಿಗೆ ಹೋಗುವವರೆಗೆ ಸುಂಕ ಇಳಿಯುವುದನ್ನು ಅಥಣಿಯ ಗೆಲುವು ಎನ್ನಲಾರೆ.